ಕ್ರಿ.ಶ. 70ರಲ್ಲಿ ಮುಗಿದದ್ದು, ಮುಗಿಯದೆ ಉಳಿದದ್ದು

ಎಲ್ಲಾದರೂ ಯುದ್ಧ ಶುರುವಾಯಿತೆಂದರೆ ಸಾಕು, ಕ್ರೈಸ್ತ ವಲಯದಲ್ಲಿ ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯ ಹೊರಬರುತ್ತದೆ. ಯುದ್ಧ, ಬರಗಾಲ, ಭೂಕಂಪ, ಸುಳ್ಳು ಪ್ರವಾದಿಗಳು ಎಂದು ಒಂದೊಂದಕ್ಕೂ ಆ ವಾರದ ಪತ್ರಿಕೆಯಿಂದ ಒಂದೊಂದು ಸುದ್ದಿಯನ್ನು ಹೊಂದಿಸಿ, "ನೋಡಿ, ಎಲ್ಲವೂ ನಮ್ಮ ಕಣ್ಣೆದುರೇ ನೆರವೇರುತ್ತಿದೆ" ಎನ್ನುತ್ತಾರೆ. 34ನೇ ವಚನ ಬರುವಷ್ಟರಲ್ಲಿ ಮಾತ್ರ ಅದು ಹೇಗೋ ಪ್ರಸಂಗದ ಸಮಯ ಮುಗಿದಿರುತ್ತದೆ. ಇದೆಲ್ಲ ಆಗುವ ತನಕ ಈ ಸಂತತಿ ಅಳಿದುಹೋಗುವುದಿಲ್ಲ ಎಂದು ಯೇಸು ಖಂಡಿತವಾಗಿ ಹೇಳಿದ ವಚನ ಅದು. ಕೇಳಿಸಿಕೊಳ್ಳುತ್ತಿದ್ದವರು ಎದುರಿಗೇ ಕುಳಿತಿದ್ದರು.

ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1927ರ ತನ್ನ ಭಾಷಣವೊಂದರಲ್ಲಿ, ತಾನೇಕೆ ಕ್ರೈಸ್ತನಲ್ಲ ಎಂದು ವಿವರಿಸುವಾಗ ಇದನ್ನೇ ಎತ್ತಿದ್ದ. ತನ್ನ ಕಾಲದವರು ಬದುಕಿರುವಾಗಲೇ ಮಹಿಮೆಯಲ್ಲಿ ಬರುತ್ತೇನೆಂದು ಯೇಸು ನಂಬಿದ್ದ, ಆದರೆ ಬರಲಿಲ್ಲ ಎಂಬುದು ಅವನ ವಾದ. ಅತ್ತ ವಿಶ್ವಾಸಿಯಾಗಿದ್ದ ಲೇಖಕ ಸಿ. ಎಸ್. ಲೂಯಿಸ್ ಕೂಡ ಮಾರ್ಕನ ಸುವಾರ್ತೆಯಲ್ಲಿರುವ ಇದೇ ಮಾತನ್ನು ಬೈಬಲ್‌ನಲ್ಲೇ ಅತ್ಯಂತ ಮುಜುಗರದ ವಚನ ಎಂದು ಕರೆದರು. ನಾಸ್ತಿಕನ ಕಾಲಿಗೂ ಆಸ್ತಿಕನ ಕಾಲಿಗೂ ಒಂದೇ ಜಾಗದಲ್ಲಿ ಮುಳ್ಳು ಚುಚ್ಚಿದೆಯೆಂದರೆ ಅಲ್ಲಿ ಮುಳ್ಳಿರುವುದಂತೂ ನಿಜ. ಹಾರಿಕೊಂಡು ಹೋದರೆ ಅದು ಇಲ್ಲವಾಗುವುದಿಲ್ಲ.

ಈ ವಚನವನ್ನು ಹಾರದೆ ನಿಂತು ಓದುವವರ ಪಂಥಕ್ಕೆ ಪ್ರೆಟರಿಸಂ ಎಂದು ಹೆಸರು. ಯೇಸು ನುಡಿದದ್ದು ಕ್ರಿ.ಶ. 70ರಲ್ಲಿ, ಟೈಟಸ್‌ನ ರೋಮನ್ ಸೈನ್ಯ ಯೆರೂಸಲೇಮನ್ನೂ ದೇವಾಲಯವನ್ನೂ ನೆಲಸಮ ಮಾಡಿದಾಗ ನೆರವೇರಿತು ಎಂಬುದು ಅವರ ನಿಲುವು. ಇವರಲ್ಲೂ ಎರಡು ಕವಲುಗಳಿವೆ. ಬಹುಪಾಲು ಪ್ರವಾದನೆಗಳು ಆಗಿಹೋದವು, ಆದರೆ ಕ್ರಿಸ್ತನ ಕೊನೆಯ ಬರೋಣ, ಸತ್ತವರ ಪುನರುತ್ಥಾನ, ಅಂತಿಮ ನ್ಯಾಯತೀರ್ಪು ಇನ್ನೂ ಬಾಕಿ ಇವೆ ಎನ್ನುವವರು ಭಾಗಶಃ ಪ್ರೆಟರಿಸ್ಟರು. ಬಾಕಿ ಏನೂ ಇಲ್ಲ, ಪುನರುತ್ಥಾನವೂ ಸೇರಿ ಎಲ್ಲವೂ ಆಗ ಮುಗಿಯಿತು ಎನ್ನುವವರು ಪೂರ್ಣ ಪ್ರೆಟರಿಸ್ಟರು. ಮೊದಲಿನವರ ವಾದದಲ್ಲಿ ಹುರುಳಿದೆ. ಎರಡನೆಯವರ ಜೊತೆ ನಾನು ಒಂದು ಹೆಜ್ಜೆಯನ್ನೂ ಇಡಲಾರೆ. ಯಾಕೆಂದು ಹೇಳುತ್ತೇನೆ.

ಮೊದಲು ಅಧ್ಯಾಯವನ್ನೇ ನೋಡೋಣ. ಶಿಷ್ಯರು ದೇವಾಲಯದ ಕಟ್ಟಡಗಳನ್ನು ಯೇಸುವಿಗೆ ತೋರಿಸುತ್ತಾರೆ. ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎನ್ನುತ್ತಾನೆ ಯೇಸು. ಎಣ್ಣೆಮರಗಳ ಗುಡ್ಡದ ಮೇಲೆ ಕುಳಿತಾಗ ಅವರು ಕೇಳುತ್ತಾರೆ: ಇದು ಯಾವಾಗ ಆಗುತ್ತದೆ? ಅವರು ಕೇಳುತ್ತಿರುವುದು ಕಣ್ಣೆದುರಿಗಿದ್ದ ಆ ಕಟ್ಟಡದ ಬಗ್ಗೆ. ಜೊತೆಗೆ ನಿನ್ನ ಬರೋಣಕ್ಕೂ ಯುಗದ ಸಮಾಪ್ತಿಗೂ ಸೂಚನೆಯೇನು ಎಂದೂ ಕೇಳಿದರು, ಒಪ್ಪುತ್ತೇನೆ. ಆದರೆ ಆ ಪ್ರಶ್ನೆ ಹುಟ್ಟಿದ್ದೇ ಕಲ್ಲುಗಳಿಂದ.

ಉತ್ತರದಲ್ಲಿ ಬರುವ ಎಚ್ಚರಿಕೆಗಳನ್ನು ನಿಧಾನವಾಗಿ ಓದಿ. ಯೂದಾಯದಲ್ಲಿರುವವರು ಬೆಟ್ಟಗಳಿಗೆ ಓಡಿಹೋಗಲಿ. ಮಾಳಿಗೆಯ ಮೇಲಿರುವವನು ಮನೆಯೊಳಗಿನ ಸಾಮಾನು ತೆಗೆದುಕೊಳ್ಳಲು ಇಳಿಯದಿರಲಿ. ಹೊಲದಲ್ಲಿರುವವನು ಹೊದಿಕೆಗಾಗಿ ಹಿಂದಕ್ಕೆ ಬರದಿರಲಿ. ಗರ್ಭಿಣಿಯರ, ಮೊಲೆಕೂಸಿರುವವರ ಗತಿಯನ್ನು ಏನು ಹೇಳಲಿ! ನೀವು ಓಡಿಹೋಗುವುದು ಚಳಿಗಾಲದಲ್ಲಾಗಲಿ ಸಬ್ಬತ್ ದಿನದಲ್ಲಾಗಲಿ (ಯೆಹೂದ್ಯರ ವಿಶ್ರಾಂತಿಯ ದಿನ) ಆಗದಂತೆ ಬೇಡಿಕೊಳ್ಳಿ. ಇಡೀ ಜಗತ್ತೇ ಸುಟ್ಟು ಬೂದಿಯಾಗುವ ದಿನ ಇದಾಗಿದ್ದರೆ ಬೆಟ್ಟಕ್ಕೆ ಓಡಿ ಪ್ರಯೋಜನವೇನು? ಆಕಾಶವೇ ಸುರುಳಿಯಂತೆ ಸುತ್ತಿಹೋಗುವಾಗ ಋತು ಯಾವುದಾದರೆ ಏನು? ಚಪ್ಪಟೆ ಮಾಳಿಗೆಯ ಮನೆಗಳಿರುವ, ಸಬ್ಬತ್ತಿನ ಪ್ರಯಾಣಕ್ಕೆ ಮಿತಿಯಿರುವ, ಚಳಿಗಾಲವೆಂದರೆ ಮಳೆಗಾಲವೂ ಆಗಿ ಹಳ್ಳಕೊಳ್ಳಗಳು ತುಂಬಿ ಹರಿಯುವ ಒಂದು ನಾಡಿನ ಜನರಿಗೆ ಕೊಟ್ಟ ಸೂಚನೆ ಇದು: ಸೈನ್ಯ ಬರುತ್ತಿದೆ, ಸಾಮಾನು ಬಿಡಿ, ಜೀವ ಉಳಿಸಿಕೊಳ್ಳಿ.

ಲೂಕನಂತೂ ಅನುಮಾನಕ್ಕೆ ಜಾಗವನ್ನೇ ಬಿಟ್ಟಿಲ್ಲ. ಮತ್ತಾಯನು "ಹಾಳುಮಾಡುವ ಅಸಹ್ಯ ವಸ್ತು" ಎಂದು ದಾನಿಯೇಲನ ಒಗಟಿನ ಭಾಷೆಯಲ್ಲಿ ಹೇಳಿದ ಜಾಗದಲ್ಲಿ, ಲೂಕನ 21ನೇ ಅಧ್ಯಾಯ ನೇರವಾಗಿ ದಂಡುಗಳು ಯೆರೂಸಲೇಮಿಗೆ ಮುತ್ತಿಗೆ ಹಾಕುವುದನ್ನು ಕಂಡಾಗ ಅದರ ನಾಶ ಸಮೀಪಿಸಿತೆಂದು ತಿಳಿಯಿರಿ ಎನ್ನುತ್ತದೆ. ಕ್ರಿ.ಶ. 66ರಲ್ಲಿ ಯೆಹೂದ್ಯರು ದಂಗೆಯೆದ್ದಾಗ ರೋಮನ್ ಅಧಿಪತಿ ಸೆಸ್ಟಿಯಸ್ ಗ್ಯಾಲಸ್‌ನ ಪಡೆ ಯೆರೂಸಲೇಮಿನ ತನಕ ಬಂದು, ಯಾರೂ ಎಣಿಸದ ರೀತಿಯಲ್ಲಿ ಹಿಂದೆ ಸರಿಯಿತು. ಕ್ರೈಸ್ತರು ನಗರ ತೊರೆದು ಯೊರ್ದನ್ ನದಿಯಾಚೆಯ ಪೆಲ್ಲಕ್ಕೆ ಹೋದರೆಂದು ನಾಲ್ಕನೇ ಶತಮಾನದ ಸಭಾ ಇತಿಹಾಸಕಾರ ಯುಸೇಬಿಯಸ್ ಬರೆಯುತ್ತಾನೆ. ಈ ಪೆಲ್ಲದ ಕಥೆಯನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಆದರೆ ತುಂಬಿ ಹರಿಯುವ ನದಿಯನ್ನು ಕೂಸು ಕಟ್ಟಿಕೊಂಡು ದಾಟಬೇಕಾದವರಿಗೆ ಚಳಿಗಾಲದ ಆ ಪ್ರಾರ್ಥನೆ ಏಕೆ ಬೇಕಿತ್ತೆಂದು ಯಾರೂ ವಿವರಿಸಬೇಕಾಗಿಲ್ಲ.

ಮುತ್ತಿಗೆಯ ಭೀಕರತೆಯನ್ನು ಕಂಡು ಬರೆದವನು ಜೋಸೆಫಸ್. ಯೆಹೂದ್ಯರ ಸೇನಾನಿಯಾಗಿದ್ದು, ಸೆರೆ ಸಿಕ್ಕು, ರೋಮನ್ನರ ಪಾಳೆಯದಿಂದಲೇ ಎಲ್ಲವನ್ನೂ ನೋಡಿದವನು. ಅವನು ಹೇಳುವ ಒಬ್ಬ ಮನುಷ್ಯನನ್ನು ಮರೆಯುವುದು ಕಷ್ಟ. ಅನನೀಯನ ಮಗನಾದ ಯೇಸು ಎಂಬ ಹಳ್ಳಿಯ ರೈತ. ಯುದ್ಧಕ್ಕೆ ನಾಲ್ಕು ವರ್ಷ ಮುಂಚೆ, ಊರು ಸುಭಿಕ್ಷವಾಗಿದ್ದಾಗಲೇ, ಹಬ್ಬಕ್ಕೆ ಬಂದವನು ಯೆರೂಸಲೇಮಿಗೆ ಅಯ್ಯೋ ಎಂದು ಕೂಗಲು ಶುರು ಮಾಡಿದ. ರೋಮನ್ ಅಧಿಪತಿ ಅಲ್ಬಿನಸ್ ಎಲುಬು ಕಾಣುವಂತೆ ಚಾವಟಿಯಿಂದ ಹೊಡೆಸಿದ. ಅಳಲಿಲ್ಲ, ಬೇಡಲಿಲ್ಲ. ಪ್ರತಿ ಏಟಿಗೂ ಅದೇ ಕೂಗು. ಹುಚ್ಚನೆಂದು ಬಿಟ್ಟುಬಿಟ್ಟರು. ಏಳು ವರ್ಷ ಐದು ತಿಂಗಳು ಹೀಗೆ ಕೂಗಿ, ಕೊನೆಗೆ ಮುತ್ತಿಗೆಯ ಸಮಯದಲ್ಲಿ ಗೋಡೆಯ ಮೇಲೆ ನಡೆಯುತ್ತ "ನನಗೂ ಅಯ್ಯೋ" ಎಂದ. ಅಷ್ಟರಲ್ಲಿ ರೋಮನ್ ಯಂತ್ರ ಎಸೆದ ಕಲ್ಲು ಬಡಿದು ಸತ್ತ. 70ರ ಆಗಸ್ಟ್‌ನಲ್ಲಿ ದೇವಾಲಯ ಹೊತ್ತಿ ಉರಿಯಿತು. ಸತ್ತವರು ಹನ್ನೊಂದು ಲಕ್ಷ, ಸೆರೆಯಾದವರು 97,000 ಎಂಬುದು ಜೋಸೆಫಸ್‌ನ ಲೆಕ್ಕ. ಮೊದಲನೆಯದು ಉತ್ಪ್ರೇಕ್ಷೆ ಎಂದು ಇಂದಿನ ವಿದ್ವಾಂಸರು ಹೇಳುತ್ತಾರೆ. ದೇವಾಲಯದ ಏಳು ಕವಲಿನ ದೀಪಸ್ತಂಭವನ್ನು ಸೈನಿಕರು ಹೊತ್ತೊಯ್ಯುವ ಕೆತ್ತನೆಯನ್ನು ರೋಮಿನ ಟೈಟಸ್ ಕಮಾನಿನಲ್ಲಿ ಇವತ್ತಿಗೂ ನೋಡಬಹುದು.

ಇಲ್ಲೊಂದು ಮಾತು ಹೇಳಲೇಬೇಕು. ಈ ನಾಶವನ್ನು ಯೆಹೂದ್ಯರಿಗೆ ತಕ್ಕ ಶಾಸ್ತಿ ಎಂಬಂತೆ ವರ್ಣಿಸಿ ಖುಷಿಪಡುವ ಪರಂಪರೆಯೊಂದು ಕ್ರೈಸ್ತರಲ್ಲಿದೆ, ಹಳೆಯದು ಮತ್ತು ಕೊಳಕಾದದ್ದು. ಕೆಲವು ಪ್ರೆಟರಿಸ್ಟರ ಬರಹದಲ್ಲಿ ಆ ವಾಸನೆ ಈಗಲೂ ಬರುತ್ತದೆ. ಅವರು ಲೂಕನ 19ನೇ ಅಧ್ಯಾಯವನ್ನು ಮತ್ತೊಮ್ಮೆ ಓದಲಿ. ಆ ನಗರವನ್ನು ಕಂಡಾಗ ಯೇಸು ಅತ್ತನು.

ಸರಿ, ಸೂರ್ಯ ಕತ್ತಲಾಗುವುದು, ನಕ್ಷತ್ರಗಳು ಉದುರುವುದು, ಮನುಷ್ಯಕುಮಾರ ಮೇಘಗಳ ಮೇಲೆ ಬರುವುದು, ಇವೆಲ್ಲ 70ರಲ್ಲಿ ಎಲ್ಲಿ ಆದವು? ನ್ಯಾಯವಾದ ಪ್ರಶ್ನೆ. ಹಳೇ ಒಡಂಬಡಿಕೆ ಗೊತ್ತಿದ್ದವನಿಗೆ ಉತ್ತರವೂ ಗೊತ್ತಿರುತ್ತದೆ. ಯೆಶಾಯನ 13ನೇ ಅಧ್ಯಾಯದಲ್ಲಿ ಬಾಬೆಲಿನ ಪತನಕ್ಕೂ ಸೂರ್ಯ ಚಂದ್ರರು ಕಪ್ಪಾಗುತ್ತಾರೆ. 19ನೇ ಅಧ್ಯಾಯದಲ್ಲಿ ಯೆಹೋವನು ವೇಗವಾದ ಮೇಘವನ್ನೇರಿ ಐಗುಪ್ತಕ್ಕೆ ಬರುತ್ತಾನೆ. ಐಗುಪ್ತದವರು ಅಂದು ತಲೆಯೆತ್ತಿ ದೇವರನ್ನು ಮೋಡದ ಮೇಲೆ ನೋಡಿದರೆಂದು ಯಾರೂ ಅರ್ಥ ಮಾಡುವುದಿಲ್ಲ. ಸಾಮ್ರಾಜ್ಯಗಳು ಉರುಳುವುದನ್ನು ಪ್ರವಾದಿಗಳು ಹಾಗೆಯೇ ನುಡಿಯುತ್ತಿದ್ದರು. ದಾನಿಯೇಲನ 7ನೇ ಅಧ್ಯಾಯದಲ್ಲಿ ಮನುಷ್ಯಕುಮಾರನಂಥವನು ಮೇಘಗಳೊಂದಿಗೆ ಬರುವುದು ಭೂಮಿಯ ಕಡೆಗಲ್ಲ, ದೇವರ ಸನ್ನಿಧಿಗೆ, ರಾಜ್ಯಾಧಿಕಾರ ಪಡೆಯಲು. ಮಹಾಯಾಜಕನೆದುರು ನಿಂತ ಯೇಸು "ನೀವು ನೋಡುವಿರಿ" ಎಂದು ಹೇಳಿದ್ದೂ ಇದೇ ಮೇಘಗಳ ಮಾತನ್ನು. ಆ ಮಹಾಯಾಜಕ ಸತ್ತು ಎರಡು ಸಾವಿರ ವರ್ಷವಾಗುತ್ತ ಬಂತು.

ಬೈಬಲ್‌ನ ಕೊನೆಯದಾದ ಪ್ರಕಟನೆ ಪುಸ್ತಕದ ವಿಷಯದಲ್ಲಿ ಮಾತ್ರ ಪ್ರೆಟರಿಸ್ಟರಿಗಿರುವ ಧೈರ್ಯ ನನಗಿಲ್ಲ. ಅದರಲ್ಲಿ ಬರುವ ಮೃಗದ ಸಂಖ್ಯೆ 666 ಸೂಚಿಸುವುದು ರೋಮಿನ ನೀರೋ ಚಕ್ರವರ್ತಿಯನ್ನು ಎನ್ನುವುದು ಬಲವಾದ ವಾದವೇ. ಹೀಬ್ರೂ ಅಕ್ಷರಗಳಿಗೆ ಸಂಖ್ಯಾಬೆಲೆಯಿದೆ. ನೇರೋನ್ ಕೇಸರ್ ಎಂದು ಬರೆದು 50, 200, 6, 50, 100, 60, 200 ಎಂದು ಕೂಡಿದರೆ ಸರಿಯಾಗಿ 666. ಲ್ಯಾಟಿನ್ ರೀತಿಯಲ್ಲಿ ಕೊನೆಯ ನಕಾರ ಬಿಟ್ಟು ನೇರೋ ಎಂದರೆ 50 ಕಳೆದು 616. ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ 616 ಎಂದೇ ಇದೆ! ಬಾರ್‌ಕೋಡ್, ಚಿಪ್, ಲಸಿಕೆ ಎಂದು ಹುಡುಕುವವರ ಯಾವ ಊಹೆಯೂ ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ವಿವರಿಸಲಾರದು. ಆದರೆ ನೀರೋ ಸತ್ತದ್ದು 68ರಲ್ಲಿ. ಪ್ರಕಟನೆಯ ದರ್ಶನ ಡೊಮಿಷಿಯನ್ ಚಕ್ರವರ್ತಿಯ ಆಳ್ವಿಕೆಯ ಕೊನೆಯಲ್ಲಿ, ಅಂದರೆ 95ರ ಆಸುಪಾಸಿನಲ್ಲಿ ಕಂಡದ್ದೆಂದು ಎರಡನೇ ಶತಮಾನದ ಬಿಷಪ್ ಐರೇನಿಯಸ್ ಬರೆದಿದ್ದಾನೆ. ಅವನ ಮಾತು ನಿಜವಾದರೆ, ಪುಸ್ತಕವಿಡೀ 70ರ ಘಟನೆಯ ಮುನ್ಸೂಚನೆ ಎಂಬ ವಾದ ಕುಸಿಯುತ್ತದೆ. ಕೆನೆತ್ ಜೆಂಟ್ರಿಯಂಥ ಪ್ರೆಟರಿಸ್ಟ್ ಲೇಖಕರು ಪುಸ್ತಕ 70ಕ್ಕೂ ಮುಂಚಿನದೆಂದು ಶ್ರಮಪಟ್ಟು ವಾದಿಸಿದ್ದಾರೆ. ಬಹುಪಾಲು ವಿದ್ವಾಂಸರು ಒಪ್ಪಿಲ್ಲ. ನನಗೂ ಅಷ್ಟೊಂದು ಭಾರವನ್ನು ಆ ತಾರೀಖಿನ ಮೇಲೆ ಹೊರಿಸುವುದು ಸರಿಯೆನಿಸುವುದಿಲ್ಲ.

ಇನ್ನು ಪೂರ್ಣ ಪ್ರೆಟರಿಸ್ಟರು. ಜೇಮ್ಸ್ ಸ್ಟುವರ್ಟ್ ರಸೆಲ್ ಎಂಬ ಪಾದ್ರಿ 1878ರಲ್ಲಿ ಈ ದಿಕ್ಕಿಗೆ ದಾರಿ ಮಾಡಿಕೊಟ್ಟವರು. (ಬರ್ಟ್ರಂಡ್ ಬೇರೆ, ಅಂತ್ಯಕಾಲಕ್ಕೆ 1914ರ ತಾರೀಖು ಕೊಟ್ಟ ಚಾರ್ಲ್ಸ್ ಟೇಜ್ ರಸೆಲ್ ಬೇರೆ. ಈ ಚರ್ಚೆಯಲ್ಲಿ ರಸೆಲ್‌ಗಳಿಗೆ ಬರವಿಲ್ಲ.) ಇವರ ತರ್ಕ ಸರಳ: ಕಾಲಸೂಚನೆಯ ವಚನಗಳನ್ನು ನೇರವಾಗಿ ಓದಬೇಕಾದರೆ ಎಲ್ಲ ಕಡೆಯೂ ಹಾಗೆಯೇ ಓದಬೇಕು, ಆದ್ದರಿಂದ ಪುನರುತ್ಥಾನವೂ ಆಗಿಹೋಗಿದೆ. ಸಮಾಧಿಗಳು ಹಾಗೇ ಇವೆಯಲ್ಲ ಎಂದರೆ, ಎದ್ದದ್ದು ದೇಹವಲ್ಲ, ಹಳೆಯ ಒಡಂಬಡಿಕೆಯ ಮರಣಸ್ಥಿತಿಯಿಂದ ದೇವಜನರು ಎದ್ದರು ಎನ್ನುತ್ತಾರೆ.

ಪೌಲ ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದ ಎಂದು ಊಹಿಸಬೇಕಾಗಿಯೇ ಇಲ್ಲ. ಪುನರುತ್ಥಾನ ಆಗಿಹೋಯಿತೆಂದು ಹೇಳುತ್ತ ಕೆಲವರ ನಂಬಿಕೆಯನ್ನು ಕೆಡಿಸುತ್ತಿದ್ದ ಹುಮೆನಾಯ, ಫಿಲೇತ ಎಂಬ ಇಬ್ಬರ ಹೆಸರು ಹಿಡಿದೇ ಅವನ ಹೆಸರಿನ 2 ತಿಮೊಥೆಯ ಪತ್ರ ಖಂಡಿಸುತ್ತದೆ. ಆಗಿನ್ನೂ 70 ಬಂದಿರಲಿಲ್ಲ, ಅದಕ್ಕೇ ಅವರದು ತಪ್ಪು ಎಂದು ಪೂರ್ಣ ಪ್ರೆಟರಿಸ್ಟರು ನುಣುಚಿಕೊಳ್ಳುತ್ತಾರೆ. ಅಂದರೆ ಆ ಇಬ್ಬರ ತಪ್ಪು ಕೆಲವು ವರ್ಷ ಅವಸರಪಟ್ಟದ್ದು ಮಾತ್ರವೇ? ಕರ್ತನು ಬರುವ ತನಕ ಆತನ ಮರಣವನ್ನು ಸಾರುತ್ತೇವೆಂದು ಕರ್ತನ ಭೋಜನದಲ್ಲಿ ರೊಟ್ಟಿ ಮುರಿಯುತ್ತೇವೆ. ಬಂದಾಗಿದ್ದರೆ ಮುರಿಯುವುದೇಕೆ? ಪುನರುತ್ಥಾನದಲ್ಲಿ ಮದುವೆಯಾಗುವುದೂ ಇಲ್ಲ, ಮದುವೆ ಮಾಡಿಕೊಡುವುದೂ ಇಲ್ಲ ಎಂದಿದ್ದಾನೆ ಯೇಸು. ಪೂರ್ಣ ಪ್ರೆಟರಿಸ್ಟರ ಮನೆಗಳಲ್ಲಿ ಮದುವೆಗಳು ಯಥಾಪ್ರಕಾರ ನಡೆಯುತ್ತಿವೆ.

ಇದಕ್ಕಿಂತ ದೊಡ್ಡ ಪೆಟ್ಟು ಇತಿಹಾಸದ್ದು. ಕ್ರಿಸ್ತನ ಬರೋಣ, ಸತ್ತವರ ಏಳುವಿಕೆ, ನ್ಯಾಯತೀರ್ಪು ಮೂರೂ 70ರಲ್ಲಿ ಆಗಿದ್ದರೆ ಅದನ್ನು ಗಮನಿಸಿದ ಒಬ್ಬ ಕ್ರೈಸ್ತನಾದರೂ ಇರಬೇಕಿತ್ತು. ನಂತರದ ತಲೆಮಾರಿನ ಜಸ್ಟಿನ್ ಮಾರ್ಟರ್, ಐರೇನಿಯಸ್ ಎಲ್ಲರೂ ಇನ್ನೂ ಎದುರು ನೋಡುತ್ತಲೇ ಇದ್ದಾರೆ. ಸಭೆ ತನ್ನ ವಿಶ್ವಾಸಪ್ರಮಾಣವನ್ನು ಬರೆಯುವಾಗಲೂ, ಜೀವಿಸುವವರಿಗೂ ಸತ್ತವರಿಗೂ ತೀರ್ಪು ಮಾಡಲು ಆತನು ಬರುವನು ಎಂದು ಭವಿಷ್ಯತ್ಕಾಲದಲ್ಲೇ ಬರೆಯಿತು. ಇದಕ್ಕೆ ಕೆಲವರು ಕೊಡುವ ಉತ್ತರ ಕೇಳಿ: ನಿಜವಾದ ವಿಶ್ವಾಸಿಗಳೆಲ್ಲ ಆಗ ಮೇಲಕ್ಕೆ ಎತ್ತಲ್ಪಟ್ಟರು, ಆದ್ದರಿಂದ ಬರೆದಿಡಲು ಯಾರೂ ಉಳಿಯಲಿಲ್ಲ! ಸಾಕ್ಷಿಗಳನ್ನೇ ಮಾಯಮಾಡಿ ಗೆಲ್ಲುವ ವಾದದ ಜೊತೆ ಜಗಳವಾಡುವುದು ಹೇಗೆ?

ಹಾಗೆಂದು ಕ್ರಿಸ್ತನ ಬರೋಣಕ್ಕೆ ತಾರೀಖು ಹೇಳುವವರ ಕಡೆಗೆ ಹೋಗಲೂ ಕಾಲು ಬರುವುದಿಲ್ಲ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕಾದರು. 1970ರಲ್ಲಿ ಲೇಖಕ ಹ್ಯಾಲ್ ಲಿಂಡ್ಸೆ, 1948ರಲ್ಲಿ ಇಸ್ರೇಲ್ ರಾಷ್ಟ್ರ ಹುಟ್ಟಿದ್ದರಿಂದ ಸುಮಾರು ನಲವತ್ತು ವರ್ಷ ಎಣಿಸಿ ಎಂದ. 1988 ಬಂದು ಹೋಯಿತು. ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದ, ತಪ್ಪಿದಾಗ ಅಕ್ಟೋಬರ್ 21 ಎಂದ. "ಈ ಸಂತತಿ" ಎಂಬ ಮಾತನ್ನು ಅದನ್ನು ಕೇಳಿಸಿಕೊಂಡ ಸಂತತಿಯಿಂದ ಕಿತ್ತು ತಮ್ಮ ಸಂತತಿಗೆ ಅಂಟಿಸಿಕೊಂಡ ಫಲ ಇದು.

ಭಾಗಶಃ ಪ್ರೆಟರಿಸ್ಟರ ವಿರುದ್ಧ ಇರುವ ಗಟ್ಟಿ ಆಕ್ಷೇಪ ಒಂದೇ. ಮತ್ತಾಯ 24ರಲ್ಲಿ 70ರ ಮಾತು ಎಲ್ಲಿ ನಿಂತು ಕೊನೆಯ ದಿನದ ಮಾತು ಎಲ್ಲಿ ಶುರುವಾಗುತ್ತದೆ? ಆ ದಿನವಾಗಲಿ ಗಳಿಗೆಯಾಗಲಿ ಯಾರಿಗೂ ಗೊತ್ತಿಲ್ಲ ಎನ್ನುವ 36ನೇ ವಚನದಲ್ಲಿ ಎಂದು ಹಲವರು ಗೆರೆ ಎಳೆಯುತ್ತಾರೆ. ಆದರೆ ಲೂಕನ 17ನೇ ಅಧ್ಯಾಯ ಆ ಗೆರೆಯನ್ನು ಅಳಿಸಿಬಿಡುತ್ತದೆ. ಗೆರೆಯ ಈಚೆಗಿರಬೇಕಾದ ಮಾಳಿಗೆಯ ಎಚ್ಚರಿಕೆಯೂ ಆಚೆಗಿರಬೇಕಾದ ನೋಹನ ದಿನಗಳ ಹೋಲಿಕೆಯೂ ಅಲ್ಲಿ ಒಂದೇ ಮಾತಿನಲ್ಲಿ ಹೆಣೆದುಕೊಂಡಿವೆ. ಪೂರ್ಣ ಪ್ರೆಟರಿಸ್ಟರು ಇದನ್ನು ತೋರಿಸಿ, ಹಾಗಾದರೆ ಎಲ್ಲವನ್ನೂ ಬಿಟ್ಟುಕೊಡಿ ಎನ್ನುತ್ತಾರೆ.

ಬಿಟ್ಟುಕೊಡುತ್ತೇನೆ. 24ನೇ ಅಧ್ಯಾಯವನ್ನು ಮೊದಲ ವಚನದಿಂದ ಕೊನೆಯ ವಚನದ ತನಕ 70ಕ್ಕೇ ಇಟ್ಟುಕೊಳ್ಳಿ, ನನ್ನ ತಕರಾರಿಲ್ಲ. ಸತ್ತವರು ಏಳುತ್ತಾರೆಂದು ನಾನು ನಂಬಿರುವುದು ಆ ಅಧ್ಯಾಯದ ಆಧಾರದ ಮೇಲಲ್ಲ. ಯೇಸುವಿನ ಸಮಾಧಿ ಬರಿದಾಗಿತ್ತು, ಎದ್ದುಬಂದ ದೇಹದಲ್ಲಿ ಗಾಯಗಳಿದ್ದವು, ಆತನು ಶಿಷ್ಯರ ಮುಂದೆ ಮೀನು ತಿಂದನು. ಆತನೇ ಪ್ರಥಮಫಲ, ಮಿಕ್ಕವರದು ಆತನ ಬರೋಣದಲ್ಲಿ ಎಂದು 1 ಕೊರಿಂಥ 15 ಹೇಳುತ್ತದೆ. ಮೊದಲ ಫಲ ಮಾಂಸ ಮೂಳೆಗಳ ದೇಹವಾಗಿದ್ದರೆ ಉಳಿದ ಬೆಳೆ ಒಡಂಬಡಿಕೆಯ ಸ್ಥಿತಿಬದಲಾವಣೆ ಹೇಗಾಯಿತು ಎಂಬುದನ್ನು ಅವರು ಆ ಅಧ್ಯಾಯದಿಂದಲೇ ತೋರಿಸಬೇಕು.