ಪರುಷಮಣಿಯ ಹುಡುಕಾಟದಿಂದ ರಸಾಯನಶಾಸ್ತ್ರಕ್ಕೆ ಲಾಭವಾಯಿತೇ?

ಪರ

ಸೀಸವನ್ನು ಚಿನ್ನ ಮಾಡಲು ಹೊರಟ ಮಧ್ಯಯುಗದ ರಸವಾದಿಗಳನ್ನು ಮೂಢರೆನ್ನುವ ಮೊದಲು ಅವರ ಕಣ್ಣೆದುರು ಏನಿತ್ತೆಂದು ನೋಡಬೇಕು. ಇಂಗಳೀಕವೆಂಬ ಕೆಂಪು ಅದಿರನ್ನು ಕಾಯಿಸಿದರೆ ಪಾದರಸ ಬರುತ್ತಿತ್ತು. ಎಷ್ಟೋ ಅದಿರುಗಳನ್ನು ಸುಟ್ಟಾಗ ಗಂಧಕದ ಘಾಟು ಏಳುತ್ತಿತ್ತು. ಸೀಸವನ್ನು ಗಾಳಿಯೂದಿ ಕಾಯಿಸುತ್ತ ಹೋದರೆ ಕೊನೆಗೆ ಬೆಳ್ಳಿಯ ಪುಟ್ಟ ಗುಂಡೊಂದು ಉಳಿಯುವುದೂ ಉಂಟು. ಆ ಬೆಳ್ಳಿ ಅದಿರಿನಲ್ಲಿ ಮೊದಲೇ ಇತ್ತೆಂದು ನಮಗೆ ಗೊತ್ತು. ಸೀಸವೇ ಮಾಗಿ ಬೆಳ್ಳಿಯಾಯಿತೆಂದು ಅಂದಿನವರಿಗೆ ತೋರಿದ್ದರೆ ಅದರಲ್ಲಿ ತಪ್ಪೇನು? ಎಲ್ಲ ಲೋಹಗಳೂ ಗಂಧಕ, ಪಾದರಸಗಳ ಬೇರೆ ಬೇರೆ ಪಾಕಗಳು ಎಂದು ಜಾಬಿರ್ ಇಬ್ನ್ ಹಯ್ಯಾನ್ ಹೆಸರಿನ ಅರಬ್ಬಿ ಗ್ರಂಥಗಳು ಹೇಳಿದ್ದು ಕುಲುಮೆಯ ಮುಂದೆ ಕಂಡದ್ದನ್ನು ಆಧರಿಸಿಯೇ.

ಅದೇ ಕುಲುಮೆಗಳಿಂದ ಆಮ್ಲಗಳು ಬಂದವು. 1300ರ ಸುಮಾರಿಗೆ ಯುರೋಪಿನ ರಸವಾದಿಗಳು ಪೆಟ್ಲುಪ್ಪು, ಅನ್ನಭೇದಿ, ಪಟಕಗಳನ್ನು ಸೇರಿಸಿ ಬಟ್ಟಿಯಿಳಿಸಿ ನೈಟ್ರಿಕ್ ಆಮ್ಲ ಪಡೆದರು. ಅದು ಬೆಳ್ಳಿಯನ್ನು ಕರಗಿಸುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಅದಕ್ಕೆ ನವಸಾಗರ ಬೆರೆಸಿದರೆ ಚಿನ್ನವೂ ಕರಗುತ್ತದೆ. ಚಿನ್ನ ಶುದ್ಧಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಕೊಡುಗೆ ಬೇಕೆ? 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಪರುಷಮಣಿಗಾಗಿ ಮೂತ್ರವನ್ನು ಕುದಿಸಿ ಬತ್ತಿಸಿದಾಗ ದೊರೆತದ್ದು ರಂಜಕ.

ವಿರೋಧ

ಆಮ್ಲಗಳ ಹಿರಿಮೆಯನ್ನು ಒಪ್ಪೋಣ. ಆದರೆ ಆ ಹುಡುಕಾಟವನ್ನು ಕೈಬಿಡಲು ಕಾರಣ ಬಹಳ ಹಿಂದೆಯೇ ಸಿಕ್ಕಿತ್ತು. ರಸವಾದಿಗಳು ಲೋಹಕ್ಕೆ ಚಿನ್ನದ ಬಣ್ಣ ಕೊಡಬಲ್ಲರು, ಅದರ ಜಾತಿಯನ್ನು ಬದಲಿಸಲಾರರು ಎಂದು ಪರ್ಷಿಯಾದ ವೈದ್ಯ, ತತ್ತ್ವಜ್ಞಾನಿ ಇಬ್ನ್ ಸೀನಾ 11ನೇ ಶತಮಾನದಲ್ಲೇ ವಾದಿಸಿದ್ದ. 1200ರ ಹೊತ್ತಿಗೆ ಆ ಮಾತು ಲ್ಯಾಟಿನ್‌ಗೂ ಬಂದಿತ್ತು. ಆದರೂ ಪ್ರಯೋಗ ಸೋತಾಗಲೆಲ್ಲ ದೂರು ಬೆಂಕಿಯ ಹದದ ಮೇಲೆ, ವಸ್ತುವಿನ ಕಲ್ಮಷದ ಮೇಲೆ, ಮಾಡಿದವನ ಯೋಗ್ಯತೆಯ ಮೇಲೆ. ಸಿದ್ಧಾಂತ ಮಾತ್ರ ಪಾರಾಗುತ್ತಿತ್ತು.

ಇದಕ್ಕಿಂತ ಕೆಟ್ಟದ್ದು ಗುಟ್ಟು. ವಿಧಾನವನ್ನು ಹಸಿರು ಸಿಂಹ, ಬಾಲ ನುಂಗುವ ಹಾವು ಎಂಬ ಸಂಕೇತಗಳಲ್ಲಿ ಹೂತಿಟ್ಟರೆ ಇನ್ನೊಬ್ಬ ಅದನ್ನು ಪರೀಕ್ಷಿಸುವುದು ಹೇಗೆ? ಗಣಿಗಳ ಜ್ಞಾನವನ್ನು ಚಿತ್ರಸಹಿತ, ಬಿಚ್ಚುಮನಸ್ಸಿನಿಂದ ಬರೆದಿಟ್ಟ ಜರ್ಮನ್ ವಿದ್ವಾಂಸ ಅಗ್ರಿಕೋಲನ ಪುಸ್ತಕ 1556ರಲ್ಲಿ ಬಂತು. ರಸವಾದಿಗಳ ಈ ಮಬ್ಬು ಭಾಷೆಯನ್ನು ಅವನು ಮುನ್ನುಡಿಯಲ್ಲೇ ಖಂಡಿಸಿದ. ನನ್ನ ಮಟ್ಟಿಗೆ ರಸಾಯನಶಾಸ್ತ್ರದ ನಿಜವಾದ ಹಿರಿಯರು ಇಂಥವರು. ಬ್ರಾಂಡ್ ಕೂಡ ರಂಜಕದ ಗುಟ್ಟನ್ನು ದುಡ್ಡಿಗೆ ಮಾರಿದ. ಲಂಡನ್ನಿನಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ 1680ರಲ್ಲಿ ಅದನ್ನು ತಾನೇ ಶ್ರಮಪಟ್ಟು ತಯಾರಿಸಬೇಕಾಯಿತು.

ಇಷ್ಟು ಕಂಡ ಬಾಯ್ಲ್‌ನನ್ನೂ ಚಿನ್ನ ಮಾಡುವ ಆಸೆ ಬಿಡಲಿಲ್ಲ. ಚಿನ್ನ, ಬೆಳ್ಳಿಯನ್ನು ಹೆಚ್ಚಿಸುವ ವಿದ್ಯೆಯನ್ನು ಇಂಗ್ಲೆಂಡ್ 1404ರಲ್ಲಿ ಕಾನೂನು ಮಾಡಿ ನಿಷೇಧಿಸಿತ್ತು. ಆ ಕಾನೂನನ್ನು 1689ರಲ್ಲಿ ತೆಗೆಸಲು ಓಡಾಡಿದವರಲ್ಲಿ ಅವನೂ ಇದ್ದ.