ಪುಟ್ಟಿಗೆ ಅಂಟದ ಮಂಜುನಾಥ

ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮ ಭಾವನಿಗೆ ಐವತ್ತು ದಾಟಿದ ಮೇಲೆ 1965ರ ಫೋರ್ಡ್ ಮಸ್ಟಾಂಗ್ ಬೇಕು ಅನ್ನಿಸಿತು. ಅದೂ ಸಾದಾ ಮಸ್ಟಾಂಗ್ ಅಲ್ಲ, ಜಿಟಿ ಅನ್ನೋ ಸ್ಪೋರ್ಟಿ ಮಾದರಿ. ಜಿಟಿಗೆ ಬೆಲೆ ಜಾಸ್ತಿ. ಹಾಗಾಗಿ ಸಾದಾ ಕಾರಿಗೆ ಜಿಟಿ ಬಿಲ್ಲೆ ಅಂಟಿಸಿ, ಮುಂದೆ ಎರಡು ಫಾಗ್ ಲ್ಯಾಂಪ್ ಕೂರಿಸಿ ಮಾರೋರೂ ಇದ್ದಾರೆ. ಬಿಲ್ಲೆ, ಲ್ಯಾಂಪು, ಪಟ್ಟೆ ಎಲ್ಲವೂ ಅಂಗಡಿಯಲ್ಲಿ ಹೊಸದೇ ಸಿಗುತ್ತೆ.

ಭಾವ ತಯಾರಾಗಿಯೇ ಹೊರಟರು. ಕೈಯಲ್ಲಿ ಟಾರ್ಚು. ಜೇಬಲ್ಲಿ ಫ್ರಿಜ್ಜಿನಿಂದ ಕಿತ್ತ ಧರ್ಮಸ್ಥಳದ ಮಂಜುನಾಥನ ಮ್ಯಾಗ್ನೆಟ್. ತುಕ್ಕು ಹಿಡಿದ ಕಡೆ ದಪ್ಪಗೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದಿದ್ದರೆ ಅಲ್ಲಿ ಮ್ಯಾಗ್ನೆಟ್ ನಿಲ್ಲೋದಿಲ್ಲ.

"ದೇವರನ್ನ ಯಾಕ್ರೀ ಎಳ್ಕೊಂಡು ಹೋಗ್ತೀರಾ?" ಅಂತ ಅಕ್ಕ ರೇಗಿದಳು.

"ಮಾತು ಬಿಡ ಮಂಜುನಾಥ ಕಣೇ. ಸುಳ್ಳು ಹೇಳಿದ್ರೆ ಅವನೇ ಹಿಡೀತಾನೆ."

ಅಕ್ಕನೂ ಬಂದಳು. ಚೆಕ್‌ಬುಕ್ ಅವಳ ಬ್ಯಾಗಲ್ಲಿತ್ತು.

ಮಾರುವಾತ ಬಾಗಿಲು ತೆಗೆದು ಒಳಗಿನ ತಗಡಿನ ಪಟ್ಟಿ ತೋರಿಸಿದ. 5-ಆರ್-09-ಎ. ಭಾವ ಮಂತ್ರದ ಹಾಗೆ ಬಿಡಿಸಿ ಹೇಳಿದರು. 5 ಅಂದ್ರೆ 1965. ಆರ್ ಅಂದ್ರೆ ಸ್ಯಾನ್ ಹೋಸೆ ಕಾರ್ಖಾನೆ. 09 ಅಂದ್ರೆ ಬೆನ್ನು ಇಳಿಜಾರಾದ ಫಾಸ್ಟ್‌ಬ್ಯಾಕ್. ಎ ಅಂದ್ರೆ 225 ಅಶ್ವಶಕ್ತಿಯ ವಿ8, ಅಂದ್ರೆ ಎಂಟು ಸಿಲಿಂಡರಿನ ಎಂಜಿನ್. ಆ ಕಾರ್ಖಾನೆ ಈಗ ಮಿಲ್ಪಿಟಾಸ್‌ನ ಗ್ರೇಟ್ ಮಾಲ್. ಅಕ್ಕ ಚಪ್ಪಲಿ ತಗೊಳ್ಳೋದೇ ಅಲ್ಲಿ. "ಅಯ್ಯೋ, ನಮ್ಮ ಕಡೇದೇ ಅನ್ನಿ!" ಅಂದಳು.

ಅರವತ್ತು ವರ್ಷದ ಕಾರಿನಲ್ಲಿ ಆ ಪಟ್ಟಿಯ ರಿವೆಟ್ಟು ಮಾತ್ರ ಫಳಫಳ. ನನಗೆ ಅಲ್ಲೇ ಅನುಮಾನ. ಅಂಥ ಪಟ್ಟಿಯನ್ನೂ ಹೊಸದಾಗಿ ಮಾಡಿಕೊಡ್ತಾರೆ.

ಭಾವ ಕರವಸ್ತ್ರ ಹಾಸಿ ಮ್ಯಾಗ್ನೆಟ್ ಇಟ್ಟರು. ಬಾಗಿಲಿಗೆ ಗಟ್ಟಿಯಾಗಿ ಕೂತ ಮಂಜುನಾಥ, ಹಿಂದಿನ ಚಕ್ರದ ಹತ್ತಿರ ಬಂದಾಗ ಕರವಸ್ತ್ರದ ಸಮೇತ ಕೆಳಗೆ ಜಾರಿದ. ಅಕ್ಕ ಬಗ್ಗಿ ಎತ್ತಿ ಕಣ್ಣಿಗೊತ್ತಿಕೊಂಡಳು. ಕೂತಲ್ಲಿಂದಲೇ ಕೇಳಿದಳು, "ರೀ, ಈ ಚಕ್ರಕ್ಕೆ ನಾಲ್ಕೇ ನಟ್ಟಾ?"

ಭಾವನ ಮುಖ ಬಿಳಚಿಕೊಂಡಿತು. ಆ ಕಾಲದ ವಿ8 ಮಸ್ಟಾಂಗ್‌ಗೆ ಐದು ನಟ್ಟು. ನಾಲ್ಕು ಬರ್ತಿದ್ದದ್ದು ಆರು ಸಿಲಿಂಡರಿನ ಕಾರಿಗೆ.

ಬಾನೆಟ್ ಎತ್ತಿಸಿದರು. ಡ್ರೈವರ್ ಕಡೆ ಒಳಗಿನ ತಗಡಿನಲ್ಲಿ, ಮಡ್‌ಗಾರ್ಡ್ ಅಂಚಿನ ಕೆಳಗೆ, ಕಾರ್ಖಾನೆಯವರು ಒತ್ತಿದ ನಂಬರ್ ಇರುತ್ತೆ. ಅದನ್ನ ಬದಲಾಯಿಸೋದು ಬಾಗಿಲಿನ ಪಟ್ಟಿ ಬದಲಾಯಿಸಿದಷ್ಟು ಸುಲಭ ಅಲ್ಲ. ಟಾರ್ಚ್ ಬಿಟ್ಟು ನೋಡಿದರೆ ಎ ಇರಬೇಕಾದ ಕಡೆ ಟಿ! ಅಂದರೆ ಹುಟ್ಟಿದ್ದು 120 ಅಶ್ವಶಕ್ತಿಯ ಆರು ಸಿಲಿಂಡರ್ ಕಾರಾಗಿ. 1965ರಲ್ಲಿ ಜಿಟಿ ಸಿಗ್ತಿದ್ದದ್ದು ಎ ಮತ್ತು ಕೆ ಅನ್ನೋ ಎರಡು ವಿ8 ಎಂಜಿನ್ ಜೊತೆ ಮಾತ್ರ. ಒಳಗಿದ್ದ ವಿ8ನ್ನ ಯಾರೋ ಆಮೇಲೆ ತಂದು ಕೂರಿಸಿದ್ದರು.

ಮಾರುವಾತ ಭುಜ ಕುಣಿಸಿದ. "ನಾನು ತಗೊಂಡಾಗಲೇ ಹೀಗಿತ್ತು." ಲೋಕದಲ್ಲಿ ಎಲ್ಲೇ ಹಳೇ ಗಾಡಿ ಮಾರಲಿ, ಈ ಮಾತು ಒಂದೇ!

ಭಾವ ಇನ್ನೂ ಕಾರಿನ ಬೆನ್ನು ಸವರುತ್ತಲೇ ಇದ್ದರು. "ಆದ್ರೂ ಬಣ್ಣ ಚೆನ್ನಾಗಿದೆ, ಅಲ್ವಾ?"

"ಆರು ಸಿಲಿಂಡರಿನ ರೇಟ್ ಹೇಳೋಕೆ ಹೇಳ್ರೀ," ಅಂದಳು ಅಕ್ಕ, ಬ್ಯಾಗಿನ ಜಿಪ್ ಎಳೆಯುತ್ತಾ. "ಆಮೇಲೆ ಬಣ್ಣ ನೋಡೋಣ."