ಮುಗಿಯದ ಕಥೆಯನ್ನು ಮುಗಿದಂತೆ ಮಾರುವವರಿಗೆ

ನಿನ್ನೆ ರಾತ್ರಿ ಎರಡು ಗಂಟೆಗೆ ಒಂದು ವಿಜ್ಞಾನ ಕಥೆಯ ಧಾರಾವಾಹಿಯ ಎರಡನೆಯ ಸೀಸನ್ನಿನ ಕೊನೆಯ ಕಂತನ್ನು ನೋಡಿ ಮುಗಿಸಿದೆ. ನಾಯಕಿ ಬಾಗಿಲು ತೆರೆದಳು, ಆಚೆ ಯಾರೋ ನಿಂತಿದ್ದರು, ಅವರ ಮುಖ ಕಾಣುವ ಮೊದಲೇ ಪರದೆ ಕಪ್ಪಾಯಿತು. ಮೂರನೆಯ ಸೀಸನ್ ಎಲ್ಲಿದೆಯೆಂದು ಹುಡುಕಿದಾಗ, ಅಂಥದ್ದೊಂದು ಇಲ್ಲವೆಂದೂ ಧಾರಾವಾಹಿಯನ್ನು ರದ್ದುಪಡಿಸಿ ವರ್ಷಗಳೇ ಕಳೆದಿವೆಯೆಂದೂ ತಿಳಿಯಿತು. ಎರಡು ವಾರಗಳ ನಿದ್ದೆ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಉರಿಸುತ್ತಿರುವುದು ಇನ್ನೊಂದು ಸಂಗತಿ: ನಾನು ತಿಂಗಳು ತಿಂಗಳು ಚಂದಾ ಕಟ್ಟುವ ಸೇವೆಯವರು ಇದನ್ನು ತಾವಾಗಿಯೇ ನನ್ನ ಮುಂದಿಟ್ಟು, ನಿಮಗೆ ಖಂಡಿತ ಇಷ್ಟವಾಗುತ್ತದೆ ಎಂದು ಶಿಫಾರಸು ಮಾಡಿದ್ದರು. ಕಥೆಗೆ ಕೊನೆಯಿಲ್ಲವೆಂಬುದು ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ, ಏಕೆಂದರೆ ಅದನ್ನು ನಿಲ್ಲಿಸಿದವರೂ ಅವರೇ.

ಸಂಸಾರದ ಕಥೆಯಾದರೆ ಎಲ್ಲಿ ನಿಂತರೂ ಹೇಗೋ ಸಮಾಧಾನ ಮಾಡಿಕೊಳ್ಳಬಹುದು. ಆ ಮನೆಯವರು ನಾಳೆಯೂ ಜಗಳವಾಡುತ್ತಾರೆ, ನಾಡಿದ್ದು ರಾಜಿಯಾಗುತ್ತಾರೆ ಎಂದು ನಮಗೆ ಗೊತ್ತಿರುತ್ತದೆ. ವಿಜ್ಞಾನ ಕಥೆಯ ಸ್ವಭಾವವೇ ಬೇರೆ. ಅದು ಮೊದಲ ಕಂತಿನಲ್ಲಿಯೇ ಒಂದು ಒಗಟನ್ನು ಮುಂದಿಡುತ್ತದೆ, ನಾವು ಕಂಡರಿಯದ ಜಗತ್ತಿನ ನಿಯಮಗಳನ್ನು ಒಂದೊಂದಾಗಿ ಕಲಿಸುತ್ತದೆ, ಈಗ ಅರ್ಥವಾಗದಿದ್ದರೂ ಮುಂದೆ ಅರ್ಥವಾಗುತ್ತದೆ ಎಂದು ನಮ್ಮಿಂದ ತಾಳ್ಮೆಯನ್ನು ಸಾಲ ಪಡೆಯುತ್ತದೆ. ಉತ್ತರ ಹೇಳದೆ ಎದ್ದು ಹೋದರೆ ಆ ಸಾಲ ಮುಳುಗಿದಂತೆಯೇ.

‘1899’ ಎಂಬ ಧಾರಾವಾಹಿಯನ್ನೇ ನೋಡಿ. ಅದು 2022ರ ನವೆಂಬರ್ 17ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. ಎಂಟು ಕಂತುಗಳ ಉದ್ದಕ್ಕೂ ಹಡಗಿನ ಪ್ರಯಾಣಿಕರ ಜೊತೆ ನಮ್ಮನ್ನೂ ದಿಕ್ಕು ತಪ್ಪಿಸಿ, ಕೊನೆಯ ಕೆಲವು ನಿಮಿಷಗಳಲ್ಲಿ ನಾಯಕಿಯನ್ನು 2099ರ ಒಂದು ಅಂತರಿಕ್ಷ ನೌಕೆಯಲ್ಲಿ ಎಚ್ಚರಗೊಳಿಸುತ್ತದೆ, ಅಂದರೆ ನಿಜವಾದ ಕಥೆ ಅಲ್ಲಿಂದ ಶುರುವಾಗಬೇಕು. ಏಳು ವಾರ ತುಂಬುವ ಮೊದಲೇ ಅದು ರದ್ದಾಯಿತೆಂಬ ಸುದ್ದಿ ಬಂತು. ಮೂರು ಸೀಸನ್‌ಗಳಿಗೆಂದು ಹೆಣೆದ ಕಥೆಯ ಹಣೆಬರಹವನ್ನು ಏಳು ವಾರಗಳೊಳಗೆ ತೀರ್ಮಾನಿಸಿದವರು ಅದನ್ನು ನಿಜಕ್ಕೂ ನೋಡಿದ್ದರೇ ಎಂಬ ಅನುಮಾನ ನನಗೆ ಇಂದಿಗೂ ಇದೆ.

ಇದು ಇಂದು ನಿನ್ನೆಯ ಚಾಳಿಯಲ್ಲ. ‘ಫೈರ್‌ಫ್ಲೈ’ ಧಾರಾವಾಹಿಯ 14 ಕಂತುಗಳು ತಯಾರಾಗಿದ್ದವು. 2002ರಲ್ಲಿ ಫಾಕ್ಸ್ ವಾಹಿನಿ ಅವುಗಳಲ್ಲಿ 11ನ್ನು ಮಾತ್ರ ಪ್ರಸಾರ ಮಾಡಿತು, ಅದೂ ಕ್ರಮ ತಪ್ಪಿಸಿ. ಪಾತ್ರಗಳು ಯಾರು, ಅವರು ಒಂದೇ ನೌಕೆಗೆ ಹೇಗೆ ಬಂದು ಸೇರಿದರು ಎಂದು ತಿಳಿಸುವ ಮೊಟ್ಟಮೊದಲ ಕಂತನ್ನು ಡಿಸೆಂಬರ್ 20ರಂದು ಎಲ್ಲಕ್ಕಿಂತ ಕೊನೆಯಲ್ಲಿ ತೋರಿಸಲಾಯಿತು. ಪರಿಚಯವನ್ನೇ ಮಾಡಿಕೊಡದೆ, ಜನ ಇವರನ್ನು ಹಚ್ಚಿಕೊಳ್ಳಲಿಲ್ಲ ಎಂದು ದೂರುವುದು ಯಾವ ನ್ಯಾಯ? ಅದಕ್ಕೂ ಮೊದಲು ‘ಸ್ಟಾರ್ ಟ್ರೆಕ್’ ಮೂರನೆಯ ಸೀಸನ್ನಿಗೆ ಬಂದಾಗ ಅದನ್ನು ಶುಕ್ರವಾರ ರಾತ್ರಿ ಹತ್ತು ಗಂಟೆಗೆ ತಳ್ಳಿ, ನೋಡುವ ಯುವಜನರು ಮನೆಯಲ್ಲಿಯೇ ಇರದ ಆ ಹೊತ್ತಿನ ವೀಕ್ಷಕರ ಲೆಕ್ಕ ಹಿಡಿದು 1969ರಲ್ಲಿ ಬಾಗಿಲು ಹಾಕಿದರು. ಅದೇ 79 ಕಂತುಗಳು ಮರುಪ್ರಸಾರದಲ್ಲಿ ಗೆದ್ದು ಮುಂದೆ ಸಿನಿಮಾ, ಧಾರಾವಾಹಿಗಳ ಎಷ್ಟು ದೊಡ್ಡ ಸಂಸಾರವಾಗಿ ಬೆಳೆದವೆಂಬುದು ಎಲ್ಲರಿಗೂ ಗೊತ್ತು.

‘ಫಾರ್‌ಸ್ಕೇಪ್’ನ ನಾಲ್ಕನೆಯ ಸೀಸನ್ನಿನ ಜೊತೆಗೆ ಐದನೆಯದಕ್ಕೂ ಒಪ್ಪಂದವಾಗಿತ್ತು. ಅದನ್ನು ನಂಬಿಕೊಂಡು ಬರೆದ ಅಂತ್ಯದಲ್ಲಿ, ಪುಟ್ಟ ದೋಣಿಯೊಂದರಲ್ಲಿ ನಾಯಕ ನಾಯಕಿಗೆ ಉಂಗುರ ತೊಡಿಸುತ್ತಾನೆ. ಆಕಾಶದಿಂದ ಬಂದ ಹಾರುಯಂತ್ರವೊಂದು ಅವರಿಬ್ಬರನ್ನೂ ಹರಳಿನ ಚೂರುಗಳನ್ನಾಗಿ ಮಾಡುತ್ತದೆ. ಮುಂದುವರಿಯುವುದು ಎಂಬ ಅಕ್ಷರಗಳು ಮೂಡುತ್ತವೆ. ಆದರೆ ಆ ಐದನೆಯ ಸೀಸನ್ ಬರಲೇ ಇಲ್ಲ. ನಡುನೀರಿನಲ್ಲಿ ಕೈಬಿಡುವುದೆಂದರೆ ಅಕ್ಷರಶಃ ಇದೇ. ಅಭಿಮಾನಿಗಳು ಪಟ್ಟು ಹಿಡಿದ ಮೇಲೆ 2004ರಲ್ಲಿ ಎರಡು ಭಾಗಗಳ ಮುಕ್ತಾಯ ದೊರೆಯಿತು. ‘ಸೆನ್ಸ್8’ಕ್ಕೂ ಹೀಗೆಯೇ ಗಲಾಟೆಯಾದ ಮೇಲೆ 2018ರಲ್ಲಿ ಒಂದು ಕೊನೆಯ ಕಂತು ಸಿಕ್ಕಿತು. ಆದರೆ ಕಥೆಯ ಕೊನೆಯನ್ನು ಪ್ರೇಕ್ಷಕರು ಅರ್ಜಿ ಬರೆದು ಬೇಡಿ ಪಡೆಯಬೇಕೇ?

ಬೇಡಿದರೂ ಸಿಗದವರ ಪಾಡು ಇನ್ನೂ ಕೆಟ್ಟದ್ದು. 2011ರಲ್ಲಿ 40 ಕಂತುಗಳಿಗೆ ನಿಂತ ‘ಸ್ಟಾರ್‌ಗೇಟ್ ಯೂನಿವರ್ಸ್’ನ ಕೊನೆಯಲ್ಲಿ, ನೌಕೆಯು ಒಂದು ಗ್ಯಾಲಕ್ಸಿಯಿಂದ ಮತ್ತೊಂದಕ್ಕೆ ದಾಟುವಷ್ಟು ವರ್ಷಗಳೂ ಎಲ್ಲರೂ ದೇಹವನ್ನು ವರ್ಷಗಟ್ಟಲೆ ತಣ್ಣಗೆ ಮಲಗಿಸಿಡುವ ಪೆಟ್ಟಿಗೆಗಳಲ್ಲಿ ಶೀತನಿದ್ರೆಗೆ ಜಾರುತ್ತಾರೆ. ಒಂದು ಪೆಟ್ಟಿಗೆ ಕೆಟ್ಟಿರುವುದರಿಂದ ಈಲೈ ಎಂಬ ಹುಡುಗ ಮಾತ್ರ ಎಚ್ಚರವಾಗಿ ಉಳಿಯುತ್ತಾನೆ. ಅದನ್ನು ಸರಿಪಡಿಸಲು ಅವನಿಗಿರುವುದು ಸುಮಾರು ಎರಡು ವಾರಗಳ ಕಾಲಾವಕಾಶ. ಖಾಲಿ ನೌಕೆಯ ಕಿಟಕಿಯ ಮುಂದೆ ನಿಂತು ಅವನು ಹೊರಗೆ ನೋಡುತ್ತಾ ಮುಗುಳ್ನಗುತ್ತಾನೆ, ಅಷ್ಟೆ. ಆ ಎರಡು ವಾರಗಳು ನನ್ನ ಪಾಲಿಗೆ ಇನ್ನೂ ಮುಗಿದಿಲ್ಲ. 1993ರಲ್ಲಿ ‘ಕ್ವಾಂಟಮ್ ಲೀಪ್’ ಮುಗಿದಾಗ, ಕಾಲದಿಂದ ಕಾಲಕ್ಕೆ ಜಿಗಿಯುತ್ತಾ ಅಲೆಯುವ ಅದರ ನಾಯಕ ಡಾಕ್ಟರ್ ಸ್ಯಾಮ್ ಬೆಕೆಟ್ ಮನೆಗೆ ಮರಳಲೇ ಇಲ್ಲ ಎಂಬ ಒಂದು ಸಾಲನ್ನು ಪರದೆಯ ಮೇಲೆ ತೋರಿಸಿ ಕೈತೊಳೆದುಕೊಂಡರು. ಆ ಸಾಲಿನಲ್ಲಿ ಅವನ ಹೆಸರಿನ ಕೊನೆಯ ಎರಡು ‘ಟಿ’ಗಳಲ್ಲಿ ಒಂದನ್ನು ನುಂಗಿದ್ದರು. ಐದು ಸೀಸನ್ ದುಡಿದವನ ಹೆಸರನ್ನಾದರೂ ಸರಿಯಾಗಿ ಬರೆಯಬಾರದಿತ್ತೇ!

ಇಂಥ ಧಾರಾವಾಹಿಗಳಿಗೆ ಸೆಟ್ಟು, ಗ್ರಾಫಿಕ್ಸ್ ಎಂದು ಖರ್ಚು ಹೆಚ್ಚು, ನೋಡುವವರು ಸಾಲದಿದ್ದರೆ ನಿಲ್ಲಿಸದೆ ಬೇರೆ ದಾರಿಯಿಲ್ಲ ಎನ್ನುತ್ತಾರೆ. ಒಪ್ಪುತ್ತೇನೆ. ಸತ್ವ ಬತ್ತಿದ ಮೇಲೂ ಎಳೆದಾಡಿ ಹಾಳಾದ ಧಾರಾವಾಹಿಗಳನ್ನೂ ನಾನು ಕಂಡಿದ್ದೇನೆ, ಅವುಗಳಿಗಾಗಿ ಕಣ್ಣೀರು ಹಾಕುವುದಿಲ್ಲ. ಆದರೆ ಹೀಗೆ ಕೈಸುಟ್ಟುಕೊಂಡ ನನ್ನಂಥವರು ಈಗ ಹೊಸ ಧಾರಾವಾಹಿ ಬಂದರೆ ಪೂರ್ತಿ ಮುಗಿಯುವವರೆಗೆ ಮುಟ್ಟುವುದಿಲ್ಲ. ನಾವು ಮುಟ್ಟದ ಕಾರಣಕ್ಕೆ ಮೊದಲ ವಾರಗಳ ವೀಕ್ಷಕರ ಲೆಕ್ಕ ಕುಸಿಯುತ್ತದೆ. ಲೆಕ್ಕ ಕುಸಿಯಿತೆಂದು ಅವರು ಕಥೆಯ ಕತ್ತು ಹಿಸುಕುತ್ತಾರೆ. ಕೊನೆಗೆ ತಪ್ಪು ಪ್ರೇಕ್ಷಕರದ್ದೇ ಎನ್ನುತ್ತಾರೆ. ಗಾಯದ ಮೇಲೆ ಬರೆಯೆಂಬಂತೆ, 2022ರಲ್ಲಿ ನಾಲ್ಕು ಸೀಸನ್‌ಗಳಿಗೆ ರದ್ದಾದ ‘ವೆಸ್ಟ್‌ವರ್ಲ್ಡ್’ ಅನ್ನು ಅದನ್ನು ತೋರಿಸುತ್ತಿದ್ದ ಎಚ್‌ಬಿಓ ಮ್ಯಾಕ್ಸ್ ಸೇವೆಯ ಪಟ್ಟಿಯಿಂದಲೇ ಕಿತ್ತುಹಾಕಲಾಯಿತು.

ನಾನು ಕೇಳುತ್ತಿರುವುದು ಹೊಸ ಸೀಸನ್ ಕೂಡ ಅಲ್ಲ. ನಿನ್ನೆಯ ಆ ಧಾರಾವಾಹಿಯ ಹೆಸರಿನ ಕೆಳಗೆ ಯಾವ ವಯಸ್ಸಿನವರು ನೋಡಬಹುದು, ಯಾವ ಭಾಷೆಗಳಲ್ಲಿದೆ, ಧೂಮಪಾನದ ದೃಶ್ಯವಿದೆಯೇ, ಪ್ರತಿ ಕಂತು ಎಷ್ಟು ನಿಮಿಷ ಎಂಬುದೆಲ್ಲ ಇತ್ತು. ಅಷ್ಟೆಲ್ಲ ಬರೆದವರು, ಈ ಕಥೆ ಅರ್ಧಕ್ಕೆ ನಿಂತಿದೆ ಎಂಬ ಇನ್ನೊಂದು ಸಾಲನ್ನು ಅದರ ಪಕ್ಕದಲ್ಲಿ ಸೇರಿಸಲಿ. ಬೆಳಿಗ್ಗೆ ಎದ್ದು ನೋಡಿದರೆ ಅದಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ನನ್ನನ್ನೇ ಕೇಳಿದ್ದಾರೆ.